ಮುತ್ತಜ್ಜ ಬಿನ್ ಯಾರೋ

ನಮ್ಮ ಮುತ್ತಜ್ಜ ಸತ್ತಿದ್ದಾನೆ ಎಂದು ಸಾಬೀತು ಮಾಡುವ ಕೆಲಸ ಕೊನೆಗೆ ನನ್ನ ತಲೆಗೇ ಬಂತು. ತಿಪಟೂರು ಕಡೆಯ ನಮ್ಮೂರು ಹಾಲ್ಕುರಿಕೆಯಲ್ಲಿ ಈ ಬಗ್ಗೆ ಯಾರಿಗೂ ಅನುಮಾನವಿಲ್ಲ. ಇದ್ದಿದ್ದರೆ ಅವನಿಗೀಗ ನೂರೈವತ್ತರ ಹತ್ತಿರ. ಪಹಣಿಯಲ್ಲಿ ಮಾತ್ರ ಅವನು ಗಟ್ಟಿಮುಟ್ಟಾಗಿದ್ದಾನೆ. 1 ಎಕರೆ 12 ಗುಂಟೆ ತೆಂಗಿನ ತೋಟವನ್ನು ಅನುಭವಿಸಿಕೊಂಡು ವರ್ಷಾ ವರ್ಷ ಕಂದಾಯ ಕಟ್ಟುತ್ತಿದ್ದಾನೆ. ಅವನ ಪರವಾಗಿ ದುಡ್ಡು ಎಣಿಸಿದವರು ಮೊದಲು ತಾತ, ಆಮೇಲೆ ಅಪ್ಪ, ಈಗ ನಾನು. ಖಾತೆ ಬದಲಾಯಿಸುವುದು ನಮ್ಮ ಮನೆಯಲ್ಲಿ ‘ಈ ಸಲದ ಕಾಯಿ ಕೀಳಿಸಿಬಿಡೋಣ, ಆಮೇಲೆ ನೋಡೋಣ’ ಎಂಬ ಪಟ್ಟಿಗೆ ಸೇರಿದ ಕೆಲಸ. ತೆಂಗಿನ ತೋಟ ಇದ್ದವರಿಗೆ ಗೊತ್ತು, ಕಾಯಿ ಕೀಳಿಸುವುದು ಮುಗಿಯುವ ಬಾಬತ್ತಲ್ಲ.

ಕೊನೆಗೂ ಕಂದಾಯ ಕಚೇರಿಗೆ ಹೋದರೆ, ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ವಂಶವೃಕ್ಷ ಬೇಕು ಎಂದರು. ವಂಶವೃಕ್ಷ ಎಂದರೆ ನನಗೆ ಗೊತ್ತಿದ್ದದ್ದು ಭೈರಪ್ಪನವರ 1965ರ ಕಾದಂಬರಿ. ಅದರಲ್ಲಿ ಹಳೆಯ ಕಾಗದ ಕೆದಕಿದ ಶ್ರೀನಿವಾಸ ಶ್ರೋತ್ರಿಗಳಿಗೆ ಏನು ಗತಿಯಾಯಿತು ಎಂದು ಓದಿಕೊಂಡವನು ಅಟ್ಟ ಹತ್ತುವ ಮುಂಚೆ ಎರಡು ಸಲ ಯೋಚನೆ ಮಾಡಬೇಕಿತ್ತು. ನಾನು ಮಾಡಲಿಲ್ಲ.

ನಮ್ಮ ಕಡೆ ಅಟ್ಟ ಎಂದರೆ ಕೊಬ್ಬರಿಯ ಬಸಿರು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿ ಸುರಿದರೆ ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಆಗ ಅದು ಉಂಡೆ ಕೊಬ್ಬರಿ, ತಿಪಟೂರು ಮಾರುಕಟ್ಟೆಗೆ ಹೊರಡಲು ಸಿದ್ಧ. ನಮ್ಮ ಮನೆಯ ದಾಖಲೆಪತ್ರಗಳ ತಗಡಿನ ಪೆಟ್ಟಿಗೆಯೂ ಆ ಕಾಯಿಗಳ ಮಧ್ಯೆಯೇ ಒಣಗುತ್ತಾ ಕೂತಿತ್ತು. ಮೇಲಿದ್ದ ಕಾಯಿ ಸರಿಸಿ, ಇಲಿ ಓಡಿಸಿ, ಮುಚ್ಚಳ ತೆಗೆದರೆ ಗಮ್ಮೆಂದು ಜಿಡ್ಡಿನ ವಾಸನೆ. ಒಂದು ಕ್ರಯಪತ್ರವಂತೂ ಎಣ್ಣೆ ಹೀರಿ ಹೀರಿ ಬೆಳಕಿಗೆ ಹಿಡಿದರೆ ಆಚೆ ಕಡೆಯ ನನ್ನ ಹೆಬ್ಬೆರಳು ಕಾಣುವಷ್ಟು ತೆಳ್ಳಗಾಗಿತ್ತು. ಹಪ್ಪಳ ಕರಿಯಲು ಒಂದು ಹೆಜ್ಜೆ ಬಾಕಿ.

ಓದಿದೆ. ಕ್ರಯಪತ್ರದಲ್ಲಿ ಮುತ್ತಜ್ಜ ಸೋಮಯ್ಯ. ಕಂದಾಯದ ರಸೀದಿಯಲ್ಲಿ ಸೋಮಣ್ಣ. ಕೈಬರಹದ ಹಳೇ ಪಹಣಿಯಲ್ಲಿ ಭೀಮಯ್ಯ. ಅಯ್ಯನೋ ಅಣ್ಣನೋ, ಬಾಲ ಹೇಗಾದರೂ ಇರಲಿ. ಮುಂಡವೇ ಬದಲಾದರೆ ಏನು ಮಾಡುವುದು? ಸೋಮ ಹೇಗೆ ಭೀಮನಾದ ಎಂದು ಕೇಳುವವರು ಶಾನುಭೋಗರ ಮೋಡಿ ಅಕ್ಷರ ನೋಡಿದವರಲ್ಲ. ಆ ಬರಹದಲ್ಲಿ ಕೈಯೆತ್ತಿದರೆ ಪಾಪ ತಟ್ಟುತ್ತದೆ ಎಂಬಂತೆ ಒಂದು ಅಕ್ಷರದ ಬಾಲ ಇನ್ನೊಂದರ ಮೂಗಿಗೆ ಸೇರಿರುತ್ತದೆ. ಅದನ್ನು ಬರೆದವರು ಓದಬೇಕು, ಇಲ್ಲವೇ ಬರೆದವರ ಮಗ. ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲೇ ರದ್ದಾಯಿತು; ಓದುವವರೂ ಅದರ ಜೊತೆಗೇ ಹೋದರು.

ಇನ್ನು ಬಿನ್. ನಮ್ಮ ಕಂದಾಯದ ಕಾಗದಗಳಲ್ಲಿ ಗಂಡಸಿಗೆ ಬಿನ್, ಮದುವೆಯಾದ ಹೆಂಗಸಿಗೆ ಕೋಂ. ಅರಬ್ಬಿ ದೇಶದ ಬಿನ್ ಎಂಬ ಪದ ಅದು ಹೇಗೆ ಬಂದು ಹಾಲ್ಕುರಿಕೆಯ ತೆಂಗಿನ ತೋಟಕ್ಕೆ ಬೇಲಿ ಹಾಕಿತೋ, ಅದರ ಮುಂದೆ ಒಬ್ಬ ಅಪ್ಪನ ಹೆಸರಿರಲೇಬೇಕು. ಕ್ರಯಪತ್ರದಲ್ಲಿ ಸರಿಯಾಗಿ ಬಿನ್ ಮುಗಿದ ಮೇಲೆ ಗೆದ್ದಲು ಶುರುವಾಗಿತ್ತು.

ಕಾಗದ ಕೈಕೊಟ್ಟಾಗ ಸೋದರತ್ತೆಯ ಹತ್ತಿರ ಹೋದೆ. ಕಣ್ಣು ಮಂಜು, ನೆನಪು ನಿಚ್ಚಳ.

“ನಿಮ್ಮ ಮುತ್ತಜ್ಜ ಹುಟ್ಟಿದ್ದು ಈಶ್ವರ ಸಂವತ್ಸರದಾಗೆ ಕಣಪ್ಪ. ಬರದಾಗೆ ಹುಟ್ಟಿದೋನು. ಅದಕ್ಕೇ ಸಾಯೋಗಂಟ ತಣಿಗೇಲಿ ಒಂದು ಅಗುಳು ಬಿಡಲಿಲ್ಲ. ಉಂಡಾದ ಮೇಲೆ ತಣಿಗೆ ತೊಳೆದು ಆ ನೀರೂ ಕುಡಿಯೋನು.”

ಬರೆದುಕೊಂಡೆ. ಧಾತು, ಈಶ್ವರ ಎಂಬ ಎರಡು ಸಂವತ್ಸರ ಮೈಸೂರು ಸೀಮೆಯನ್ನು ಸುಟ್ಟ ಬರ 1876ರಿಂದ 78ರದು. ಖುಷಿಯಿಂದ 1877 ಎಂದು ಅರ್ಜಿಯಲ್ಲಿ ತುಂಬಿದೆ. ಆದರೆ ಅರ್ಜಿ ತೆಗೆದುಕೊಳ್ಳುವ ಹುಡುಗ ಪಂಚಾಂಗ ಬಲ್ಲವನು. ‘ಸಾರ್, ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತಲ್ಲ, 1937 ಯಾಕಾಗಬಾರದು?’ ಎಂದ. ನಮ್ಮಪ್ಪ ಹುಟ್ಟಿದ್ದು 1934. ಈ ಲೆಕ್ಕದಲ್ಲಿ ಮುತ್ತಜ್ಜ ಮೊಮ್ಮಗನಿಗಿಂತ ಮೂರು ವರ್ಷ ಚಿಕ್ಕವನಾಗಿ, ಅವನ ಕೈಹಿಡಿದುಕೊಂಡು ಸ್ಕೂಲಿಗೆ ಹೋಗಬೇಕಾಗುತ್ತದೆ. ‘ಅಗುಳು ಬಿಡ್ತಿರಲಿಲ್ಲವಂತೆ’ ಎಂದು ಸಾಕ್ಷ್ಯ ಮುಂದಿಟ್ಟೆ. ಅದಕ್ಕೆ ಫಾರಂನಲ್ಲಿ ಕಾಲಂ ಇಲ್ಲ ಎಂದ.

ಹೀಗಿರುವಾಗ ದೇವರೇ ಕಳಿಸಿದಂತೆ ಹೆಳವ ಬಂದ. ಹಳೇ ತಲೆಯವರಿಗೆ ಹೆಳವರನ್ನು ಪರಿಚಯ ಮಾಡಿಕೊಡಬೇಕಿಲ್ಲ. ಹೊಸಬರಿಗೆ ಹೇಳುವುದಾದರೆ, ಹರಿದ್ವಾರದ ಪಂಡಾಗಳು ಗಂಗೆಯ ದಡದಲ್ಲಿ ಕೂತು ಮಾಡುವ ಕೆಲಸವನ್ನು ನಮ್ಮವರು ಊರೂರು ತಿರುಗಿ ಮಾಡುತ್ತಾರೆ. ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ವಂಶಾವಳಿ ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ದವಸ ಧಾನ್ಯ ಪಡೆದು ಹೋಗುವವರು. ಹೆಳವ ಎಂದರೆ ಕಾಲಿಲ್ಲದವ. ಹಿಂದೆ ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು ಬರುತ್ತಿದ್ದರೆಂದು ದಕ್ಷಿಣ ಭಾರತದ ಜಾತಿಗಳನ್ನು ದಾಖಲಿಸಿದ ಥರ್ಸ್ಟನ್ ದೊರೆ 1909ರಲ್ಲೇ ಬರೆದಿಟ್ಟಿದ್ದಾನೆ. ನಮ್ಮ ಮನೆಗೆ ಬಂದವನು ಮಾತ್ರ ಎರಡೂ ಕಾಲಲ್ಲಿ ಗೇರ್, ಬ್ರೇಕ್ ಒತ್ತುತ್ತಾ ಮೋಟಾರ್ ಬೈಕಿನಲ್ಲಿ ಬಂದ.

ಜಗಲಿಯ ಮೇಲೆ ಕೂತು, ನೀರು ಕುಡಿದು, ಬಟ್ಟೆ ಸುತ್ತಿದ ಉದ್ದನೆಯ ಪುಸ್ತಕ ಬಿಚ್ಚಿದ. ಒಂದೇ ಉಸಿರಿಗೆ ರಾಗವಾಗಿ ಶುರುಮಾಡಿದ. ಬಡಗಣ ಸೀಮೆಯಿಂದ ಯಾರೋ ಅಣ್ಣತಮ್ಮಂದಿರು ದನ ಹೊಡಕೊಂಡು ಬಂದರು, ಕೆರೆ ಕಂಡರು, ನಿಂತರು. ನನ್ನ ಮೈ ಜುಮ್ಮೆಂದಿತು. ಇನ್ನೇನು ಮುತ್ತಜ್ಜ ಬರುತ್ತಾನೆ ಎಂದು ಪೆನ್ನು ಹಿಡಿದು ಕೂತೆ.

“ಯಾವ ಸೋಮಯ್ಯ ಬೇಕು ಯಜಮಾನ್ರೇ?” ಎಂದು ನಿಲ್ಲಿಸಿದ. “ನಿಮ್ಮದರಾಗೆ ಮೂರು ಜನ ಅವ್ರೆ.”

ತಾತನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಪದ್ಧತಿ. ಹೀಗಾಗಿ ಒಂದು ತಲೆ ಬಿಟ್ಟು ಒಂದು ತಲೆ ಸೋಮ. ಬಿನ್ ಹಿಂದುಮುಂದಾದರೆ ಅಪ್ಪ ಮಗನಾಗುತ್ತಾನೆ, ಮಗ ಅಪ್ಪನಾಗುತ್ತಾನೆ. ಯಾರನ್ನೂ ಸುಳ್ಳು ಎನ್ನುವ ಹಾಗಿಲ್ಲ. ನಡುವಿನ ಸೋಮಯ್ಯನನ್ನು ಆರಿಸಿಕೊಂಡೆ. ಹೆಳವನಿಗೆ ಎರಡು ಸೇರು ರಾಗಿ, ನಾಲ್ಕು ಕೊಬ್ಬರಿ ಗಿಟುಕು, ಮೇಲೆ ಇನ್ನೂರು ರೂಪಾಯಿ. ಆ ಪುಸ್ತಕದ ಪುಟದ ಫೋಟೋ ತೆಗೆದು ಕಚೇರಿಗೆ ಒಯ್ದರೆ, ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದರಲ್ಲಿ ಸೀಲ್ ಇಲ್ಲವಲ್ಲ’ ಎಂದರು.

ಆವತ್ತು ಸಂಜೆ ಮುಖ ಬಾಡಿಸಿಕೊಂಡು ಬಸ್ಸಿಳಿದವನನ್ನು ನಮ್ಮೂರ ನಿವೃತ್ತ ಮೇಷ್ಟ್ರು ಹಿಡಿದರು. ಕಥೆಯೆಲ್ಲ ಕೇಳಿ ಸಮಾಧಾನ ಹೇಳುವುದು ಬಿಟ್ಟು ನಕ್ಕರು. “ನಿನ್ನ ಮನೆಯ ಸೋಮನದು ಹಾಗಿರಲಿ. ಊರಿನ ಸೋಮನದೇ ಎಂಟುನೂರು ವರ್ಷದಿಂದ ಇತ್ಯರ್ಥ ಆಗಿಲ್ಲ, ಕೂತ್ಕೋ” ಎಂದರು.

ಅವರು ಹೇಳಿದ್ದು ಪಾಲ್ಕುರಿಕೆ ಸೋಮನಾಥನ ಸಂಗತಿ. ಬಸವಣ್ಣನವರ ಕಥೆಯನ್ನು ಮೊದಲು ದೊಡ್ಡ ಪುರಾಣವಾಗಿ ತೆಲುಗಿನಲ್ಲಿ ದ್ವಿಪದಿಯಲ್ಲಿ ಬರೆದವನು, ಪಂಡಿತಾರಾಧ್ಯ ಚರಿತ್ರೆ ಬರೆದವನು, ಕನ್ನಡದಲ್ಲಿ ರಗಳೆ ಬರೆದವನು, ಸಂಸ್ಕೃತದಲ್ಲಿ ಭಾಷ್ಯವನ್ನೂ ಬಿಡದವನು. ಅವನ ಪಾಲ್ಕುರಿಕೆ ನಮ್ಮ ಹಾಲ್ಕುರಿಕೆಯೇ ಎಂಬುದು ಒಂದು ವಾದ. ಅಲ್ಲ, ಅದು ತೆಲಂಗಾಣದ ಜನಗಾಂವ್ ಜಿಲ್ಲೆಯ ಪಾಲಕುರ್ತಿ ಎಂಬುದು ಇನ್ನೊಂದು, ಬಲವಾದ ವಾದ. ಹಳಗನ್ನಡದ ಪಕಾರ ಹಕಾರವಾಗಿ ಪಾಲು ಹಾಲಾದದ್ದು, ಪಾವು ಹಾವಾದದ್ದು ಮೇಷ್ಟ್ರುಗಳೆಲ್ಲ ಹೇಳಿಕೊಟ್ಟ ಪಾಠ. ಪಾಲ್ಕುರಿಕೆಯಿಂದ ಹಾಲ್ಕುರಿಕೆಗೆ ಒಂದೇ ಅಕ್ಷರದ ದಾರಿ. ಪಾಲಕುರ್ತಿಗೆ ಅದಕ್ಕಿಂತ ಸುತ್ತು. ಇದು ನಮ್ಮ ಕಡೆಯ ಸಾಕ್ಷಿ. ಅವರ ಕಡೆ? ತೆಲುಗಿನಲ್ಲಿ ಹಾಲಿಗೆ ಇವತ್ತಿಗೂ ಪಾಲು ಎನ್ನುತ್ತಾರೆ, ಅಕ್ಷರ ಬದಲಾಯಿಸುವ ಗೋಜೇ ಇಲ್ಲ. ಪಾಲಕುರ್ತಿಯ ಗುಡ್ಡದ ಮೇಲೆ ಸೋಮೇಶ್ವರನ ಗುಡಿಯಿದೆ, ಕಾಕತೀಯರ ಓರುಗಲ್ಲು ಹತ್ತಿರದಲ್ಲಿದೆ. ಎಲ್ಲಕ್ಕಿಂತ ಮಿಗಿಲಾಗಿ ಅಷ್ಟು ಅಚ್ಚ ತೆಲುಗು, ಅವನೇ ಹೆಮ್ಮೆಯಿಂದ ಹೇಳಿಕೊಳ್ಳುವ ಜಾನು ತೆನುಗು, ತಿಪಟೂರಿನ ಸುತ್ತ ತಿರುಗಿದವನಿಗೆ ಎಲ್ಲಿ ದಕ್ಕಬೇಕು? ನಾನು ಹಾಲ್ಕುರಿಕೆಯವನೇ, ಆದರೂ ತಕ್ಕಡಿ ಹಿಡಿದರೆ ತೂಕ ಆ ಕಡೆಗೇ ವಾಲುತ್ತದೆ. ಇದನ್ನು ಊರಿನ ಅರಳಿಕಟ್ಟೆಯಲ್ಲಿ ಮಾತ್ರ ಹೇಳುವುದಿಲ್ಲ.

ಪಾಲಕುರ್ತಿಯವರು ಬೀಗುವ ಹಾಗೂ ಇಲ್ಲ ಅನ್ನಿ. ಅವರ ಪಕ್ಕದ ಬಮ್ಮೆರ ಭಾಗವತದ ಪೋತನನ ಊರು. ಆ ಪೋತನನಿಗೂ ಕಡಪದ ಒಂಟಿಮಿಟ್ಟದವರು ಪಾಲು ಕೇಳಿದ್ದುಂಟು. ಕವಿ ಹುಟ್ಟಿದ ಊರಿನ ಹೆಸರಲ್ಲಿ ಹಾಲಿರಲಿ ಇಲ್ಲದಿರಲಿ, ಪಾಲಿನ ಜಗಳ ತಪ್ಪುವುದಿಲ್ಲ.

ಊರಾಯಿತು, ಕಾಲ ನೋಡಿ. ನಮ್ಮ ಹಳೆಯ ಕವಿಚರಿತೆಕಾರರು ಅವನನ್ನು 1195ರ ಸುಮಾರಿಗೆ ಕೂರಿಸಿದರು. ತೆಲುಗು ವಿದ್ವಾಂಸರಲ್ಲಿ ಬಂಡಾರು ತಮ್ಮಯ್ಯನವರು ಅವನು ಕಾಕತೀಯರ ಮೊದಲನೇ ಪ್ರತಾಪರುದ್ರನ ಕಾಲದವನು ಎಂದರೆ, ಇನ್ನು ಕೆಲವರು ಎರಡನೇ ಪ್ರತಾಪರುದ್ರನ ಕಾಲದವನು ಎಂದರು. ಮೊದಲನೆಯವನ ಆಳ್ವಿಕೆ ಮುಗಿದದ್ದು 1195ರ ಸುಮಾರು, ಎರಡನೆಯವನದು 1323ರಲ್ಲಿ. ನೂರು ವರ್ಷಕ್ಕೂ ಮಿಕ್ಕಿ ಅಂತರ! ಕೇಳುತ್ತಿದ್ದಂತೆ ನನಗೆ ಹೆಳವನ ಮಾತು ನೆನಪಾಯಿತು: ಯಾವ ಸೋಮಯ್ಯ ಬೇಕು ಯಜಮಾನ್ರೇ? ರಾಜರಾದರೇನು, ಹಳೇ ಹೆಸರನ್ನೇ ಮತ್ತೆ ಇಟ್ಟುಕೊಂಡರೆ ಇದೇ ಪಾಡು.

ಇನ್ನು ಬಿನ್. ತಂದೆ ವಿಷ್ಣುರಾಮಿದೇವ, ತಾಯಿ ಶ್ರೀಯಾದೇವಿ, ಗೋತ್ರ ಭೃಂಗಿರಿಟಿ ಎಂದು ಕವಿ ತಾನೇ ಹೇಳಿಕೊಂಡಿದ್ದಾನೆ. ಇಷ್ಟು ಸಲೀಸಾಗಿ ಕವಿಯೇ ಫಾರಂ ತುಂಬಿಕೊಟ್ಟರೂ ವಿದ್ವಾಂಸರು ಒಪ್ಪಬೇಕಲ್ಲ. ಇವರು ಹೆತ್ತ ತಂದೆತಾಯಿಯೋ, ದೀಕ್ಷೆ ಕೊಟ್ಟು ಮರುಹುಟ್ಟು ಕೊಟ್ಟವರೋ ಎಂದು ಚರ್ಚೆ. ಗೋತ್ರವಂತೂ ಋಷಿಗಳ ಪಟ್ಟಿಯಲ್ಲೇ ಸಿಗದು. ಭೃಂಗಿ ಶಿವನ ಗಣ, ಎಲುಬಿನ ಹಂದರ, ಮೂರು ಕಾಲಿನವನು. ಋಷಿಮೂಲ ನದಿಮೂಲ ಕೇಳಬಾರದು ಎಂದ ನಮ್ಮ ಹಿರಿಯರು ಕವಿಮೂಲವನ್ನೂ ಆ ಪಟ್ಟಿಗೆ ಸೇರಿಸಬಹುದಿತ್ತು.

ಕೃತಿಗಳಲ್ಲೂ ಕಲಬೆರಕೆ. ನಾವೆಲ್ಲ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸೋಮೇಶ್ವರ ಶತಕವನ್ನು ಬರೆದವನು ಪಾಲ್ಕುರಿಕೆಯ ಸೋಮನೋ, ಪುಲಿಗೆರೆಯ ಸೋಮನೋ? ಪುಲಿಗೆರೆ ಎಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಅಲ್ಲೂ ಸೋಮೇಶ್ವರನ ಭಾರೀ ಗುಡಿಯಿದೆ. ಹಾಲಿಗೂ ಹುಲಿಗೂ ಹೀಗೆ ಜಟಾಪಟಿ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಸಂಗತಿ: ಸೋಮನಾಥನ ತೆಲುಗು ಬಸವಪುರಾಣವನ್ನು 1369ರಲ್ಲಿ ಕನ್ನಡ ಷಟ್ಪದಿಗೆ ತಂದವನ ಹೆಸರು ಭೀಮಕವಿ. ಸೋಮ ಹೋಗಿ ಭೀಮ! ನಮ್ಮ ಶಾನುಭೋಗರನ್ನು ನಾನು ಸುಮ್ಮನೆ ಬೈದುಕೊಂಡೆ. ಪಾಪ, ಅವರಿಗೆ ಸಾಹಿತ್ಯಚರಿತ್ರೆ ಗೊತ್ತಿತ್ತೋ ಏನೋ.

“ಇಷ್ಟೆಲ್ಲ ಗೊಂದಲದಲ್ಲೂ ಒಂದು ಮಾತ್ರ ಜನ ಗಟ್ಟಿಯಾಗಿ ಹೇಳ್ತಾರೆ,” ಎಂದರು ಮೇಷ್ಟ್ರು. “ಐಕ್ಯವಾದದ್ದು ಮಾಗಡಿ ತಾಲೂಕಿನ ಕಲ್ಯದಲ್ಲಿ. ಗದ್ದುಗೆ ತೋರಿಸ್ತಾರೆ.”

ಅಂದರೆ ಊರಿನ ಸೋಮನಿಗೆ ಜನನದ ದಾಖಲೆಯಿಲ್ಲ, ಪೌತಿಯದಿದೆ. ಮನೆಯ ಸೋಮನಿಗೆ ಎರಡೂ ಇಲ್ಲ. ಸಾಲದ್ದಕ್ಕೆ ಕವಿಯ ಮೇಲೆ 16ನೇ ಶತಮಾನದಲ್ಲಿ ತೋಂಟದಾರ್ಯ ಒಂದು ಇಡೀ ಪುರಾಣವನ್ನೇ ಬರೆದುಕೊಟ್ಟ. ನಮ್ಮ ಮುತ್ತಜ್ಜನ ಮೇಲೆ ಯಾರು ಬರೆಯಬೇಕು? ತಣಿಗೆ ತೊಳೆದ ನೀರು ಕುಡಿದದ್ದೊಂದೇ ಅವನ ಪವಾಡ.

ಕೊನೆಗೆ ದಾರಿ ತೋರಿಸಿದವರು ತಿಪಟೂರಿನ ಒಬ್ಬ ವಕೀಲರು. ಇನ್ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ‘ಸೋಮಯ್ಯ ಉರುಫ್ ಸೋಮಣ್ಣ ಉರುಫ್ ಭೀಮಯ್ಯ ಎಂಬವರು ಒಬ್ಬರೇ ವ್ಯಕ್ತಿಯಾಗಿರುತ್ತಾರೆ’ ಎಂದು ಐದು ನಿಮಿಷದಲ್ಲಿ ಬರೆದು, ನೋಟರಿ ಮುದ್ರೆ ಹಾಕಿಸಿದರು. ಉರುಫ್! ಎಂಥ ಉದಾರ ಪದ. ಎರಡು ಭಾಷೆಯ ಪಂಡಿತರು ಇಷ್ಟು ವರ್ಷ ಕಾದಾಡುವ ಬದಲು ಪಾಲ್ಕುರಿಕೆ ಉರುಫ್ ಪಾಲಕುರ್ತಿ ಉರುಫ್ ಹಾಲ್ಕುರಿಕೆ ಎಂದು ಒಂದು ಅಫಿಡವಿಟ್ ಮಾಡಿಸಿದ್ದರೆ ಎಲ್ಲರೂ ನೆಮ್ಮದಿಯಾಗಿ ಇರುತ್ತಿದ್ದರು.

ಅಫಿಡವಿಟ್ಟು ಲಗತ್ತಿಸಿ, ಮಹಜರಿಗೆ ಐದು ಜನ ಹಿರಿಯರ ಸಹಿ ಹಾಕಿಸಿ, ಅರ್ಜಿ ಕೊಟ್ಟು ಬಂದಿದ್ದೇನೆ. ಸಹಿ ಹಾಕಿದವರಲ್ಲಿ ಒಬ್ಬರೂ ಮುತ್ತಜ್ಜನನ್ನು ಕಂಡವರಲ್ಲ. ಮೊನ್ನೆ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಈ ವರ್ಷದ ಕಂದಾಯವನ್ನೂ ಕಟ್ಟಿದೆ. ರಸೀದಿ ಮುತ್ತಜ್ಜನ ಹೆಸರಿಗೇ ಬಂದಿದೆ. ಈ ಸಲ ಸೋಮಪ್ಪ ಎಂದಿದೆ.