ಸಮ್ಮಿಗೊಂದು ಅಕ್ಕಿ ಪಾಕೀಟು

ಹಾಡು ಕೇಳಲಿಕ್ಕೆ ಫೋನು ಇದ್ದೇ ಇದೆಯಲ್ಲ, ಮತ್ತೊಂದು ಡಬ್ಬಿ ಯಾಕೆ ಅಂತ ನಮ್ಮ ಮನೆಯವಳು ಕೇಳಿದಾಗ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಮಲ್ಲಿಕಾರ್ಜುನ ಮನಸೂರರು ತಾನಿನ ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ಯಾವುದೋ ಬ್ಯಾಂಕಿನ ಹುಡುಗಿ ಫೋನ್ ಮಾಡಿ ‘ಸರ್, ಪರ್ಸನಲ್ ಲೋನ್ ಬೇಕಾ?’ ಅನ್ನುತ್ತಾಳೆ. ರಾಗ ಅಲ್ಲಿಗೆ ಹರಿಯಿತು. ಕರೆ ಬಾರದ, ನೆಟ್‌ವರ್ಕ್ ಬೇಡದ, ಹಾಡುವುದೊಂದನ್ನು ಬಿಟ್ಟು ಬೇರೇನೂ ಬಾರದ ಯಂತ್ರ ನನಗೆ ಬೇಕು ಎಂದೆ. “ಪೆನ್ಷನ್ ನಿಮ್ದು” ಎಂದಳು. ಅದು ಒಪ್ಪಿಗೆಯಲ್ಲ, ಬೇಡ ಎಂದದ್ದೂ ಅಲ್ಲ. ಮುಂದೆ ಯಾವತ್ತಾದರೂ ಕೆಲಸಕ್ಕೆ ಬರಲಿ ಎಂದು ತೆಗೆದಿಟ್ಟುಕೊಂಡ ಮಾತು.

ಲೋಕವೆಲ್ಲ ಈ ಯಂತ್ರದ ಸಹವಾಸ ಬಿಟ್ಟ ಹೊತ್ತಿಗೆ ನನಗೆ ಅದರ ಹುಚ್ಚು ಹಿಡಿದಿತ್ತು. ಸಾವಿರ ಹಾಡು ನಿಮ್ಮ ಜೇಬಿನಲ್ಲಿ ಎಂದು ಆ್ಯಪಲ್‌ನವರು ಐಪಾಡ್ ತಂದದ್ದು 2001ರ ಅಕ್ಟೋಬರಿನಲ್ಲಿ. ಇನ್ನು ಮಾಡುವುದಿಲ್ಲ ಎಂದು ಸಾರಿದ್ದು 2022ರ ಮೇ ತಿಂಗಳಲ್ಲಿ. ನಾನು ಹೊರಟದ್ದು ಅದಾದ ಮೇಲೆ. ಸಂತೆ ಮುಗಿದ ಮೇಲೆ ಚೀಲ ಹಿಡಿದು ಹೊರಟವನಿಗೆ ಒಂದು ಅನುಕೂಲವಿದೆ, ನೂಕುನುಗ್ಗಲು ಇರುವುದಿಲ್ಲ.

ಕೊಳ್ಳುವ ಮೊದಲು ಓದಿದೆ. ಮೇಷ್ಟ್ರಾಗಿದ್ದವನು ಓದದೆ ಬದನೆಕಾಯಿಯನ್ನೂ ಕೊಳ್ಳುವುದಿಲ್ಲ. ಓದಿ ತಿಳಿದದ್ದಿಷ್ಟು: ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ದನಿಯನ್ನು 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿರುತ್ತಾರೆ. ಎಂಪಿ3 ಎಂಬುದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಮುಂದೆ ನಿಂತು ರೂಪಿಸಿದ ಉಪಾಯ. ಕಿವಿ ಹೇಗೂ ಗಮನಿಸುವುದಿಲ್ಲ ಎಂಬ ಧೈರ್ಯದ ಮೇಲೆ ದನಿಯ ಬಹುಪಾಲನ್ನು ಎಸೆದು, ಉಳಿದದ್ದನ್ನು ಕಟ್ಟಿ ಕೊಡುತ್ತದೆ. ಇದನ್ನು ಓದಿದ್ದೇ ನನಗೆ ಅವಮಾನವಾಯಿತು. ಮನಸೂರರು ಹಾಡಿದ್ದರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಜರ್ಮನಿಯಲ್ಲಿ ತೀರ್ಮಾನಿಸುವುದೆಂದರೇನು? ನನಗೆ ಏನನ್ನೂ ಎಸೆಯದ ಫ್ಲ್ಯಾಕ್ ಕಡತಗಳೇ ಆಗಬೇಕು. ಅವನ್ನು ಹಾಡಲಿಕ್ಕೆ 24 ಬಿಟ್, 192 ಕಿಲೋಹರ್ಟ್ಜ್‌ನ ಯಂತ್ರವೇ ಆಗಬೇಕು. ಮನುಷ್ಯನ ಕಿವಿಗೆ, ಅದೂ ಎಳೆಯ ಕಿವಿಗೆ, 20,000 ಹರ್ಟ್ಜ್‌ನಿಂದಾಚೆ ಏನೂ ಕೇಳುವುದಿಲ್ಲ ಎಂದು ಅದೇ ಪುಟದ ಕೆಳಗೆ ಬರೆದಿತ್ತು. ಅಷ್ಟು ಕೆಳಗೆ ನಾನು ಓದಲಿಲ್ಲ.

ಹರಿಹರದಲ್ಲಿ ಮ್ಯೂಸಿಕ್ ಪ್ಲೇಯರ್ ಎಂದು ಕೇಳಿದರೆ ಅಂಗಡಿಯವನು ಓಂ ನಮಃ ಶಿವಾಯ ಹೇಳುವ ಪುಟ್ಟ ಪೆಟ್ಟಿಗೆ ಇಟ್ಟ. ದಾವಣಗೆರೆಯಲ್ಲಿ ಪಿ.ಬಿ. ರೋಡಿನಿಂದ ಅಶೋಕ ರಸ್ತೆಯವರೆಗೆ ಅಲೆದೆ. ಒಂದು ಅಂಗಡಿಯ ಹುಡುಗ ಕತ್ತಿಗೆ ಹಾಕುವ ಬ್ಲೂಟೂತ್ ತೋರಿಸಿದ, ಬೇಡ ಎಂದೆ. ಹಿಡಿಕೆ, ಮೈಕು, ಬಣ್ಣದ ಲೈಟು ಎಲ್ಲ ಇದ್ದ ದೊಡ್ಡ ಸ್ಪೀಕರ್ ಎತ್ತಿ ಕೌಂಟರ್ ಮೇಲಿಟ್ಟ.

“ಅಂಕಲ್, ಭಜನೆಗಾ, ಟ್ರ್ಯಾಕ್ಟರಿಗಾ?”

“ಸ್ವಂತಕ್ಕೆ.”

“ಒಬ್ರಿಗೇನಾ?” ಎಂದ. ಮನೆಯಲ್ಲಿ ಏನಾದರೂ ತೊಂದರೆ ಇರಬೇಕು ಎಂದು ಅಂದುಕೊಂಡಂತಿತ್ತು ಅವನ ಮುಖ. ಕೊನೆಗೆ ಬೆಣ್ಣೆದೋಸೆ ತಿಂದು ಊರಿಗೆ ಬಂದು ಆನ್‌ಲೈನಿನಲ್ಲೇ ತರಿಸಿದೆ. ಬೆಲೆ ಹೇಳುವುದಿಲ್ಲ. ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ.

ಯಂತ್ರ ಚಂದವಿತ್ತು. ಆದರೆ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಮೆಮೊರಿ ಕಾರ್ಡಿನಲ್ಲಿ ನಾನು ಶ್ರದ್ಧೆಯಿಂದ ಕನ್ನಡದಲ್ಲಿ ಹೆಸರು ಬರೆದು ಜೋಡಿಸಿದ್ದ ಹಾಡುಗಳೆಲ್ಲ ಪರದೆಯ ಮೇಲೆ ಬರೀ ಚೌಕಗಳಾದವು. ಗಂಗೂಬಾಯಿ ಹಾನಗಲ್ಲರೂ ಚೌಕ, ಭೀಮಸೇನ ಜೋಶಿಯವರೂ ಚೌಕ, ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ವೂ ಚೌಕ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಅದು, 1978ರದು. ಆಗ ಅದರ ಹೊದಿಕೆಯ ಮೇಲಿನ ಹೆಸರನ್ನು ಯಾರು ಬೇಕಾದರೂ ಓದಬಹುದಿತ್ತು. ಸೆಕೆಂಡಿಗೆ 1,92,000 ಅಳತೆ ಓದುವ ಯಂತ್ರಕ್ಕೆ ‘ಗ’ ಅಕ್ಷರ ಓದಲಿಕ್ಕೆ ಬರುವುದಿಲ್ಲವೆಂದರೆ, ಅದನ್ನು ಮಾಡಿದವರಿಗೆ ಕನ್ನಡದವನೊಬ್ಬ ಇದನ್ನು ಕೊಂಡಾನು ಎಂಬ ಕಲ್ಪನೆಯೇ ಇರಲಿಲ್ಲ ಎಂದರ್ಥ. ಸಿಟ್ಟು ಬಂತು. ಬಂದರೇನು, ಚೌಕ ಎಣಿಸಿ ಗಾಯಕರನ್ನು ಗುರುತಿಸುವುದನ್ನು ಕಲಿತೆ.

ಇನ್ನು ಒಂದು ಬೆಳಗಿನ ಕಥೆ.

ನಮ್ಮ ಕೊಕ್ಕನೂರು ಕಡೆಯದು ಭದ್ರಾ ನಾಲೆಯ ಕೊನೇ ಭಾಗ. ನೀರು ಬರುವುದು ತಡ, ಪಟ್ಟಿ ಎತ್ತುವವರು ಬರುವುದು ಬೇಗ. ನಾನು ನಾಲೆಯ ಏರಿಯ ಮೇಲೆ ಕಿವಿಗೆ ವೈರು ಸಿಕ್ಕಿಸಿಕೊಂಡು, ಕಣ್ಣು ಅರೆಮುಚ್ಚಿಕೊಂಡು ನಿಂತಿದ್ದೆ. ಮನಸೂರರ ಶಿವಮತ ಭೈರವ ನಡೆದಿತ್ತು. ತೀನ್‌ತಾಲ, ಹದಿನಾರು ಮಾತ್ರೆ. ತಾಳ ಸುತ್ತಿ ಬಂದು ಸಮ್ಮಿಗೆ, ಅಂದರೆ ಮೊದಲ ಮಾತ್ರೆಗೆ, ಬಿದ್ದಾಗ ತಲೆ ತಾನಾಗಿಯೇ ಬಾಗುತ್ತದೆ. ಇದು ಕೇಳುಗನ ಧರ್ಮ, ನನ್ನ ತಪ್ಪಲ್ಲ. ಎದುರಿಗೆ ಊರಿನ ಯಜಮಾನರೊಬ್ಬರು, ಜೊತೆಗೆ ರಸೀದಿ ಪುಸ್ತಕ ಹಿಡಿದ ಹುಡುಗ ಬಂದು ನಿಂತದ್ದು ಕಂಡಿತು. ನಮಸ್ಕಾರಕ್ಕೆ ನಿಂತಿದ್ದಾರೆ ಅಂದುಕೊಂಡೆ. ಮುಂದಿನದು, ಗದ್ದೆಯಲ್ಲಿ ನಿಂತು ಎಲ್ಲ ನೋಡಿದ, ನೋಡಿಯೂ ಬಿಡಿಸದ ನಮ್ಮಣ್ಣನ ಮಗ ಆಮೇಲೆ ಹೇಳಿದ್ದು.

“ಮೇಷ್ಟ್ರೇ, ಈ ಸಲ ತೇರಿಗೆ ದಾಸೋಹ ಜೋರು ಮಾಡ್ಬೇಕಂತ ಮಾಡೀವಿ. ನಿಮ್ಮ ಹೆಸ್ರಿಗೆ ಒಂದು ಪಾಕೀಟು ಅಕ್ಕಿ ಬರ್ಕಳ್ಳಾ?”

ಸಮ್ ಬಿತ್ತು. ತಲೆ ಬಾಗಿತು. ಹುಡುಗ ಬರೆದುಕೊಂಡ.

ಮನಸೂರರು ಅಷ್ಟಕ್ಕೆ ಬಿಡುವವರೇ? ತಾನ್ ಎತ್ತಿಕೊಂಡರು. ಎಲ್ಲಿ ಮುರಿಯುತ್ತಾರೆ, ಎಲ್ಲಿ ಸೇರಿಸುತ್ತಾರೆ ತಿಳಿಯದೆ ನಾನು ಅಡ್ಡಡ್ಡ ತಲೆಯಾಡಿಸಿ, “ಛೆ ಛೆ ಛೆ!” ಎಂದೆ. ಬಲ್ಲವರ ಬಾಯಲ್ಲಿ ಅದು ಭೇಷ್ ಎಂಬುದರ ಮೇಲಿನ ಮಾತು. ಯಜಮಾನರಿಗೆ ಅದು, ಒಂದು ಪಾಕೀಟು ನನಗೊಂದು ಲೆಕ್ಕವೇ ಎಂದಂತೆ ಕೇಳಿಸಿತು.

“ಹಂಗಾರೆ ಎರಡು?”

ತಾಳ ಆಗಿನ್ನೂ ಆವರ್ತನದ ನಡುವಿತ್ತು. ನಾನು ಸುಮ್ಮನೆ ಆಕಾಶ ನೋಡಿದೆ. ಮೇಷ್ಟ್ರು ಯೋಚನೆಯಲ್ಲಿದ್ದಾರೆ ಎಂದು ಅವರೂ ಕಾದರು. ಒಂಬತ್ತನೇ ಮಾತ್ರೆ ಬಂತು. ತೀನ್‌ತಾಲದ ಒಂಬತ್ತನೆಯದು ಖಾಲಿ. ಅಲ್ಲಿ ಚಪ್ಪಾಳೆಯಿಲ್ಲ, ಅಂಗೈ ಬಿಚ್ಚಿ ಗಾಳಿಯಲ್ಲಿ ತೋರಿಸಬೇಕು. ಶಾಸ್ತ್ರ ಬಿಡಬಾರದೆಂದು ಕೈಯೆತ್ತಿ ಬಿಚ್ಚಿದೆ. ಐದು ಬೆರಳು.

“ಐದಾ!” ಎಂದರಂತೆ ಯಜಮಾನರು. ಹುಡುಗ ಒಂದನ್ನು ಹೊಡೆದು ಐದು ಬರೆದ. ಖಾಲಿ ಎಂದು ತೋರಿಸಿದ ಕೈಗೆ ಐದು ಪಾಕೀಟು. ಅದೂ ಸಾಲದೆಂಬಂತೆ, ಸುತ್ತು ಪೂರೈಸಿ ಸಮ್ಮಿಗೆ ಬಂದಾಗ ಸ್ವರ ಎಷ್ಟು ನಯವಾಗಿ ಇಳಿಯಿತೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ತಲೆ ಬಾಗಿಸಿ ಎರಡೂ ಕೈ ಮುಗಿದೆ. ನಾನು ಮುಗಿದದ್ದು ಮನಸೂರರ ಧಾರವಾಡದ ಕಡೆಗೆ. ಅವರು ಮುಗಿದದ್ದು ಗುಡಿಯ ಕಡೆಗೆ. “ಭಕ್ತಿ ಅಂದ್ರೆ ಇದು ನೋಡಪಾ” ಎಂದು ಹುಡುಗನಿಗೆ ಹೇಳಿ, ಇದೇ ಹದ ಎಂದು ಎಣ್ಣೆ ಡಬ್ಬಿಯನ್ನೂ ಕೇಳಿದರಂತೆ. ಆಗ ದ್ರುತ್, ಅಂದರೆ ವೇಗದ ಲಯ, ಶುರುವಾಗಿತ್ತು. ಸಮ್ಮು ಬೇಗ ಬೇಗ ಬರುತ್ತಿತ್ತು. ಎಷ್ಟು ಡಬ್ಬಿ ಎಂಬುದನ್ನು ತೇರಿನ ದಿನ ಊರ ಬಾಗಿಲಿನ ಫ್ಲೆಕ್ಸ್‌ನಲ್ಲಿ ಓದಿ ತಿಳಿದೆ. ಅದರಲ್ಲಿ ನನ್ನ ಹೆಸರು ಕನ್ನಡದಲ್ಲಿತ್ತು, ಒಂದೂ ಚೌಕವಿರಲಿಲ್ಲ.

ಮನೆಯವಳು ತೆಗೆದಿಟ್ಟಿದ್ದ ಮಾತನ್ನು ಅವತ್ತು ಹೊರತೆಗೆದಳು. ಅದರ ವಿವರ ಬೇಡ.

ಅಷ್ಟು ದುಬಾರಿಗೆ ಬಿದ್ದ ಸಂಗೀತ ಹೇಗಿದೆ ಎಂದು ಯಜಮಾನರಿಗೂ ಕೇಳಿಸೋಣ ಎನಿಸಿತು. ಒಂದು ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ಅವರ ಕಿವಿಗೆ ವೈರು ಸಿಕ್ಕಿಸಿದೆ. ನೋಡಿದರು, ಕಾದರು. ಸೌಂಡ್ ಏರಿಸಿದೆ. ನನಗೆ ಹೊರಗಿನಿಂದಲೇ ಕೇಳುವಷ್ಟು ಏರಿಸಿದೆ. “ಏನೋ ಗುಂಯ್ ಅಂತೈತಿ ಮೇಷ್ಟ್ರೇ” ಎಂದರು. ಹರೆಯವನ್ನೆಲ್ಲ ದಾವಣಗೆರೆಯ ಹತ್ತಿಗಿರಣಿಯೊಂದರ ಮಗ್ಗದ ಶೆಡ್ಡಿನಲ್ಲಿ ಕಳೆದವರು ಅವರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ನಾವು ಎದೆಯುಬ್ಬಿಸುತ್ತಿದ್ದ ಕಾಲ. ಕಾರ್ಖಾನೆ ನಿಯಮದ ಪ್ರಕಾರ ದಿನಕ್ಕೆ 8 ಗಂಟೆಯ ಕೆಲಸಕ್ಕೆ 90 ಡೆಸಿಬಲ್ ಸದ್ದು ಮಿತಿ. ಮಗ್ಗಗಳಿಗೆ ನಿಯಮ ಓದಿ ಹೇಳುವವರು ಯಾರು? ಸದ್ದು ಮೊದಲು ತೆಗೆದುಕೊಂಡು ಹೋಗುವುದು ಎತ್ತರದ ದನಿಗಳನ್ನು, ಅಂದರೆ ಹಕ್ಕಿ, ಮಕ್ಕಳ ಮಾತು, ತಂಬೂರಿಯ ಝೇಂಕಾರದ ಮೇಲ್ಭಾಗ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕಿವಿ ವಾಪಸು ಬರಲಿಲ್ಲ. ಪಟ್ಟಿ ಎತ್ತುವಾಗ ಅವರು ಉತ್ತರ ಕೇಳಿಸಿಕೊಳ್ಳದೆ ತಲೆಯನ್ನೂ ಕೈಯನ್ನೂ ಏಕೆ ನೋಡುತ್ತಾರೆ ಎಂಬುದು ನನಗೆ ಆಗ ತಿಳಿಯಿತು. ಅವತ್ತು ಏರಿಯ ಮೇಲೆ ನಾನು ಬಾಯಿಬಿಟ್ಟು ಬೇಡ ಎಂದಿದ್ದರೂ ಲೆಕ್ಕ ಬದಲಾಗುತ್ತಿರಲಿಲ್ಲವೇನೋ.

ಅದೇ ನೆಪದಲ್ಲಿ ಅವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ನನ್ನ ಕಿವಿಯನ್ನೂ ತೋರಿಸಿದೆ. ಮಾಮೂಲಿ ಪರೀಕ್ಷೆ 8,000 ಹರ್ಟ್ಜ್‌ಗೆ ನಿಲ್ಲುತ್ತದೆ. ನನ್ನ ಗೆರೆ ಅಲ್ಲಿಗೆ ಮುಟ್ಟುವ ಮೊದಲೇ ಕೆಳಗೆ ಇಳಿದಿತ್ತು. “ವಯಸ್ಸಾಯ್ತಲ್ಲ ಸರ್, ಸೌಂಡ್ ಕಮ್ಮಿ ಇಡ್ರಿ” ಎಂದರು ಡಾಕ್ಟರು. ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಯಂತ್ರದ ಬೆಲೆಯಲ್ಲಿ ಮುಕ್ಕಾಲು ಪಾಲು ನನಗೆ ಕೇಳದ ದನಿಗೆ ಕೊಟ್ಟದ್ದು ಎಂಬ ಲೆಕ್ಕವನ್ನು ನಾನು ಮನೆಯಲ್ಲಿ ಹೇಳಿಲ್ಲ. ಈಗ ಈ ಬರಹದಿಂದ ತಿಳಿಯಲಿದೆ.

ಯಂತ್ರ ಇನ್ನೂ ಇದೆ, ನಾಲೆಯ ಏರಿಗೆ ಬೆಳಿಗ್ಗೆ ಹೋಗುವುದೂ ಇದೆ. ಆದ್ದರಿಂದ ಹರಿಹರ ತಾಲ್ಲೂಕಿನ ಸಮಸ್ತ ದಾಸೋಹ ಸಮಿತಿ, ಗಣಪತಿ ಸಮಿತಿ, ರಾಜ್ಯೋತ್ಸವ ಸಮಿತಿಗಳವರಲ್ಲಿ ಈ ಮೂಲಕ ವಿನಂತಿ: ಕೊಕ್ಕನೂರಿನ ಕಡೆ ವೈರು ಸಿಕ್ಕಿಸಿಕೊಂಡು ನಿಂತ ಮುದುಕ ಕಂಡರೆ ಮೊದಲು ವೈರು ಎಳೆಯಿರಿ, ಆಮೇಲೆ ರಸೀದಿ ಪುಸ್ತಕ ತೆಗೆಯಿರಿ. ವೈರು ಕಿವಿಯಲ್ಲಿರುವಾಗ ಆಡಿಸಿದ ತಲೆಗೆ, ಬಿಚ್ಚಿದ ಬೆರಳಿಗೆ ಮೇಷ್ಟ್ರು ಜವಾಬ್ದಾರರಲ್ಲ.