ಹ್ಯಾಟೆಯೋ, ಹುಂಜವೋ?

ಹಿತ್ತಲಿಗೆ ನಾಲ್ಕು ಕೋಳಿಮರಿ ಬಿಟ್ಟರೆ ಸಾಕು, ಬೀದಿಯವರೆಲ್ಲ ಪಶುವೈದ್ಯರೇ. ಕಪ್ಪು ಗರಿ ಕಂಡರೆ "ಕಡಕ್‌ನಾಥ್ ಕಣ್ರೀ, ಕಮ್ಮಿಗೆ ಕೊಟ್ಟೀರಾ!" ಝಾಬುವಾ ಕಡೆಯ ಆ ತಳಿಗೆ ಕಾಲು, ಚರ್ಮ, ಮಾಂಸವೂ ಕಪ್ಪು, ನಮ್ಮದರ ಕಾಲೋ ಅಪ್ಪಟ ಅರಿಶಿನ. ದಪ್ಪಗಿದ್ದರೆ ಹೆಬ್ಬಾಳದ ಗಿರಿರಾಜ. ಕತ್ತು ಬೋಳಿದ್ದರೆ ತಳಿಯಲ್ಲ, ಕಾಯಿಲೆಯಂತೆ!

ಇನ್ನು ಗಂಡೋ ಹೆಣ್ಣೋ? ಕಾಲು ಹಿಡಿದು ತಲೆಕೆಳಗು ಮಾಡಿದಾಗ ಒದ್ದಾಡಿದರೆ ಹುಂಜ, ಸುಮ್ಮನಿದ್ದರೆ ಹ್ಯಾಟೆ ಎನ್ನುತ್ತಾರೆ ಪಕ್ಕದ ಮನೆ ಅಜ್ಜಿ. ಹಾಗೆ ನೇತುಹಾಕಿದರೆ ಯಾರು ತಾನೇ ಒದ್ದಾಡರು? ಜಪಾನಿನಲ್ಲಿ ಪಳಗಿದವರು ಒಂದು ದಿನದ ಮರಿಯ ಹಿಂಭಾಗ ಒತ್ತಿ ನೋಡಿಯೇ ಹೇಳಬಲ್ಲರು. ನಮಗೆ ಕಾಯುವುದೇ ಗತಿ. ಬೇಗ ಜುಟ್ಟು ಕೆಂಪೇರಿ, ಮೂರು ತಿಂಗಳ ಹೊತ್ತಿಗೆ ಸೊಂಟದ ಮೇಲೆ ಚೂಪು ಗರಿ ಇಳಿದರೆ ಹುಂಜ. ಅಷ್ಟರಲ್ಲಿ ಮಕ್ಕಳು ಲಕ್ಷ್ಮಿ ಎಂದು ಹೆಸರಿಟ್ಟಾಗಿರುತ್ತದೆ. ಲಕ್ಷ್ಮಿ ಬೇಲಿ ಹತ್ತಿ "ಕೊಕ್ಕೊಕ್ಕೋ" ಎನ್ನುತ್ತಾಳೆ.