ಕಪ್ಪು ಪರದೆಯ ಮರಣಮೀಮಾಂಸೆ: ಒಂದು ಅಧ್ಯಯನ

ಲಿನಕ್ಸ್ ಗಣಕದಲ್ಲಿ ಚಿತ್ರಾತ್ಮಕ ಪ್ರದರ್ಶನವು ಕುಸಿದ ತರುವಾಯ ಪ್ರಾಪ್ತವಾಗುವ ಸ್ಥಿತಿಯನ್ನು ಪ್ರಸ್ತುತ ಪ್ರಬಂಧದಲ್ಲಿ ‘ಕೃಷ್ಣಪಟಲಾವಸ್ಥೆ’ ಎಂದು ಕರೆಯಲಾಗಿದೆ. ಇದು ತ್ರಿವಿಧ: ಸಕರ್ಸರ, ನಿಷ್ಕರ್ಸರ, ಉಭಯಾತ್ಮಕ. ಮೊದಲನೆಯದರಲ್ಲಿ ಮೂಲೆಯಲ್ಲೊಂದು ಗೆರೆ ಮಿಣುಕುತ್ತದೆ. ಎರಡನೆಯದರಲ್ಲಿ ಅದೂ ಇಲ್ಲ. ಮೂರನೆಯದರ ಲಕ್ಷಣವನ್ನು ಮುಂದೆ ನಿರೂಪಿಸಲಾಗುವುದು ಎಂದು ಬರೆಯುವುದು ವಾಡಿಕೆಯಾದ್ದರಿಂದ ಬರೆಯಲಾಗಿದೆ, ನಿರೂಪಿಸುವುದಿಲ್ಲ.

ಈ ಅವಸ್ಥೆಯನ್ನು ಮರಣವೆಂದೇ ಭಾವಿಸಿ ರೀಬೂಟ್ ಎಂಬ ಉತ್ತರಕ್ರಿಯೆಯನ್ನು ವಿಧಿಸುವ ಪಂಥವು ಸಹಾಯವಾಣಿಗಳಲ್ಲಿ ಪ್ರಬಲವಾಗಿದೆ. ಅವರು ಕೊಡುವ ಪ್ರಮಾಣ ಒಂದೇ: ಕ್ಯಾಪ್ಸ್‌ಲಾಕ್ ಒತ್ತಿದರೆ ದೀಪ ಹತ್ತುವುದಿಲ್ಲ, ಆದ್ದರಿಂದ ಯಂತ್ರ ಸತ್ತಿದೆ. ಪ್ರಮಾಣ ದೋಷಯುಕ್ತ. ಚಿತ್ರಾತ್ಮಕ ಪ್ರದರ್ಶನವನ್ನು ನಡೆಸುವ ಎಕ್ಸ್ ಸರ್ವರ್ ಓಡುವಾಗ ಕೀಬೋರ್ಡನ್ನು ಕರ್ನಲ್‌ನಿಂದ ತನ್ನ ವಶಕ್ಕೆ ತೆಗೆದುಕೊಂಡಿರುತ್ತದೆ. ಆ ದೀಪ ಹಚ್ಚುವುದೂ ಅದರದೇ ಕೆಲಸ. ಅದು ಕೀಬೋರ್ಡನ್ನು ಹಿಂದಿರುಗಿಸದೆ ಬಿದ್ದುಹೋದರೆ ದೀಪ ಹತ್ತುವುದಿಲ್ಲ, ಕಂಟ್ರೋಲ್-ಆಲ್ಟ್-ಎಫ್3 ಒತ್ತಿದರೂ ಅಕ್ಷರಮಾತ್ರದ ಕನ್ಸೋಲ್ ಬರುವುದಿಲ್ಲ. ಪಕ್ಕದ ಗಣಕದಿಂದ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ನೋಡಿ: ‘ಮೃತ’ ಯಂತ್ರವು ರಾತ್ರಿಯಿಡೀ ಓಡಿಸಿದ ಲೆಕ್ಕವನ್ನು ಇನ್ನೂ ನಿಷ್ಠೆಯಿಂದ ಮಾಡುತ್ತಿರಬಹುದು. ಉಸಿರಾಡುವವರ ಬಾಯಿಗೆ ತುಳಸಿ ನೀರು ಬಿಡುವ ಈ ಅವಸರಕ್ಕೆ ‘ತಾಂತ್ರಿಕ ಬೆಂಬಲ’ ಎಂದು ಹೆಸರು! ಉಳಿಸದ ಬರವಣಿಗೆ, ಅರ್ಧ ಬರೆದ ಫೈಲು ಎಲ್ಲ ಹೋದಮೇಲೆ ‘ಈಗ ಸರಿಹೋಯ್ತಾ ಸಾರ್?’ ಎಂದು ಕೇಳುತ್ತಾರಲ್ಲ, ಅದಕ್ಕೆ ಯಾವ ಪರಿಭಾಷೆಯೂ ಸಾಲದು.

ಪರಿಹಾರವು ಕರ್ನಲ್‌ನಲ್ಲೇ ಇದೆ. ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ ಹಿಡಿದು (ಬಹುತೇಕ ಕೀಬೋರ್ಡ್‌ಗಳಲ್ಲಿ ಅದು ಪ್ರಿಂಟ್‌ಸ್ಕ್ರೀನ್ ಕೀಲಿಯೇ) ‘ಆರ್’ ಒತ್ತಿದರೆ ಕೀಬೋರ್ಡು ಮರಳಿ ಕರ್ನಲ್‌ನ ಕೈಗೆ ಬರುತ್ತದೆ. ಬಳಿಕ ಕನ್ಸೋಲ್ ಬದಲಿಸಬಹುದು. ಎಕ್ಸ್ ಸಾಯದೆ ಜಡವಾಗಿ ಕೂತಿದ್ದರೆ ಮಾತ್ರ ತೊಡಕು: ಪರದೆ ಬಿಟ್ಟುಕೊಡಲು ಅದರ ಒಪ್ಪಿಗೆ ಬೇಕು, ಒಪ್ಪಿಗೆ ಬರುವವರೆಗೆ ಕರ್ನಲ್ ಕಾಯುತ್ತದೆ. ಸರ್ಕಾರಿ ಕಚೇರಿಯಲ್ಲಿ ಎನ್‌ಒಸಿಗೆ ಕಾದವರಿಗೆ ವಿವರಿಸಬೇಕಿಲ್ಲ. ಆಗ ಅದೇ ಕೀಲಿಗಳನ್ನು ಹಿಡಿದು ‘ಕೆ’ ಒತ್ತಿದರೆ ಆ ಕನ್ಸೋಲಿನ ಪ್ರೋಗ್ರಾಮುಗಳೆಲ್ಲ ಮುಗಿಯುತ್ತವೆ. ತೆರೆದ ಕಿಟಕಿಗಳು ಹೋಗುತ್ತವೆ, ನಿಜ. ಹಿನ್ನೆಲೆಯ ಸೇವೆಗಳು ಉಳಿಯುತ್ತವೆ.

ಕೀಲಿಗಳಿಗೆ ಇಂಥ ಅಧಿಕಾರ ಅಪಾಯಕರ, ದಾರಿಹೋಕರೂ ಒತ್ತಿಯಾರು ಎಂಬುದು ಪೂರ್ವಪಕ್ಷ. ಉತ್ತರ ಸರಳ: ಕನ್ಸೋಲಿಗೆ ಹೋದವನನ್ನೂ ಅದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಕನ್ಸೋಲಿನಲ್ಲಿ ಲಾಗಿನ್ ಆಗಿ ಅಲ್ಲಿಂದಲೇ ಎಕ್ಸ್ ಆರಂಭಿಸಿದವರ ಶೆಲ್ ತೆರೆದಿರುತ್ತದೆಂಬ ಮಟ್ಟಿಗೆ ಆಕ್ಷೇಪ ಸರಿ. ಆದರೆ ಉಬುಂಟು ಈ ಸಿಸ್‌ಆರ್‌ಕ್ಯೂ ಸೌಲಭ್ಯಕ್ಕೆ ಮೊದಲೇ ಇಟ್ಟುಕೊಟ್ಟ ಮೌಲ್ಯ ನೋಡಿ: 176. ಬಿಡಿಸಿದರೆ 128, 32, 16. ಅಂದರೆ ರೀಬೂಟ್, ಡಿಸ್ಕನ್ನು ಓದಲು ಮಾತ್ರ ಸೀಮಿತಗೊಳಿಸುವುದು, ಬಾಕಿ ಬರಹವನ್ನು ಡಿಸ್ಕಿಗೆ ಇಳಿಸುವುದು. ಕೀಬೋರ್ಡ್ ಹಿಂಪಡೆಯುವ 4 ಅದರಲ್ಲಿಲ್ಲ. ಹೀಗಾಗಿ ದಾರಿಹೋಕನು ‘ಬಿ’ ಒತ್ತಿ ಇಡೀ ಯಂತ್ರವನ್ನು ಆ ಕ್ಷಣವೇ ಕೆಡವಬಹುದು. ಒಡೆಯನು ‘ಆರ್’ ಒತ್ತಿ ತನ್ನ ಕೀಬೋರ್ಡನ್ನು ವಾಪಸು ಕೇಳುವಂತಿಲ್ಲ. ಕೊಲ್ಲಲು ಪರವಾನಗಿ ಇದೆ, ಎಬ್ಬಿಸಲು ಇಲ್ಲ. ಇದರಲ್ಲಿ ಯಾವ ಭದ್ರತೆ ಕಾಪಾಡಲ್ಪಟ್ಟಿತು?

176ಕ್ಕೆ 4 ಕೂಡಿಸಿದರೆ 180. ಆ ಸಂಖ್ಯೆಯನ್ನು ಬರೆಯಲೂ ಕೀಬೋರ್ಡು ಬೇಕಾದ್ದರಿಂದ, ಪರದೆ ಬೆಳಗುತ್ತಿರುವಾಗಲೇ ಬರೆದಿಡತಕ್ಕದ್ದು.